ಕೊಡದ ಲೆಕ್ಕ

ನೀರನ್ನು ಮಿತವಾಗಿ ಬಳಸಬೇಕೆಂದು ನನ್ನ ಬಾಲ್ಯದಲ್ಲಿ ಯಾರೂ ಉಪದೇಶಿಸಿದ ನೆನಪಿಲ್ಲ. ಆ ಕಾರ್ಯವನ್ನು ಬಾವಿಯ ಹಗ್ಗವೇ ನಿರ್ವಹಿಸುತ್ತಿದ್ದಿತು. ಬಚ್ಚಲುಮನೆಯ ಹಂಡೆಯನ್ನು ತುಂಬಿಸುವ ಕೈಂಕರ್ಯವು ಹುಡುಗರ ಪಾಲಿನದು. ರಾಟೆಯ ಮೇಲಿನ ಹಗ್ಗವನ್ನು ಜಗ್ಗಿ, ಸೇದಿದ ಕೊಡವನ್ನು ಹೊತ್ತು, ಹಿತ್ತಿಲಿನಿಂದ ಒಳಮನೆಯವರೆಗೆ ನಡೆದು, ಅಂಗೈಯನ್ನು ಕೆಂಪಗೆ ಮಾಡಿಕೊಂಡವನಿಗೆ, ಮೀಯುವಾಗ ಒಂದು ತಂಬಿಗೆಯನ್ನಾದರೂ ಅಧಿಕವಾಗಿ ಸುರಿದುಕೊಳ್ಳುವ ಮನಸ್ಸೇ ಬರುತ್ತಿರಲಿಲ್ಲ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ ಸೇರಿ ಹಸುವಿಗಾಗುತ್ತಿತ್ತು. ಬಚ್ಚಲಿನ ನೀರು ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಹರಿಯುತ್ತಿತ್ತು.

ವಿದ್ಯಾಭ್ಯಾಸಕ್ಕೆಂದು ಬೆಂಗಳೂರಿಗೆ ಬಂದು ವಠಾರವೊಂದರಲ್ಲಿ ನೆಲಸಿದ ಮೇಲೆ ನನಗೆ ಕೊಳಾಯಿಯ ಸಹವಾಸ ಲಭಿಸಿತು. ಬೆಳಗಿನ ಜಾವ ಅದು ಬುಸುಗುಟ್ಟಿ, ಮೊದಲು ಗಾಳಿಯನ್ನೂ ಅನಂತರ ನೀರನ್ನೂ ಬಿಡುವ ವೇಳೆಗೆ, ವಠಾರದ ಬಿಂದಿಗೆಗಳೆಲ್ಲ ತಮ್ಮ ಒಡತಿಯರ ಪರವಾಗಿ ಸಾಲುಗಟ್ಟಿ ನಿಂತಿರುತ್ತಿದ್ದವು. ಹಗ್ಗ ಹೋಗಿದ್ದರೂ ಬಿಂದಿಗೆ ಉಳಿದಿದ್ದುದರಿಂದ, ನೀರಿನ ಲೆಕ್ಕವೂ ಉಳಿದಿತ್ತು.

ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿ ಕಲ್ಯಾಣಿಗಳನ್ನೂ ನಂಬಿದ್ದ ಈ ನಗರಕ್ಕೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯ ನೀರು ಬಂದಿತು. ಅದು ಸಾಲದಾಗಲು 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ, ಅದೂ ಸಾಲದಾಗಲು 1974ರಲ್ಲಿ ಕಾವೇರಿಯೂ ಒದಗಬೇಕಾಯಿತು. ಅಷ್ಟರಲ್ಲಿ ಧರ್ಮಾಂಬುಧಿಯು ಬಸ್ ನಿಲ್ದಾಣವಾಗಿಯೂ ಸಂಪಂಗಿಯು ಕ್ರೀಡಾಂಗಣವಾಗಿಯೂ ರೂಪಾಂತರ ಹೊಂದಿದ್ದವು. ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು 100 ಕಿಲೋಮೀಟರ್ ದೂರವನ್ನು ಕ್ರಮಿಸಿ, ಸುಮಾರು 500 ಮೀಟರ್ ಎತ್ತರವನ್ನು ಪಂಪುಗಳ ಬಲದಿಂದ ಮೂರು ಹಂತಗಳಲ್ಲಿ ಏರಿ ಕಾವೇರಿಯು ನಮ್ಮ ಮನೆಗೆ ಬರುತ್ತಾಳೆ. ಹಗ್ಗವೆಳೆಯುವ ಶ್ರಮವು ಇಂದಿಗೂ ಇದೆ. ಎಳೆಯುವ ಕೈ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮಾಳಿಗೆಯ ಮೇಲೊಂದು ತೊಟ್ಟಿಯಿಟ್ಟು, ತಿರುಗಿಸಿದಲ್ಲೆಲ್ಲ ನೀರು ಸುರಿಯುವ ಸ್ವಂತ ಮನೆಗೆ ಬಂದಾಗ, ಬಿಂದಿಗೆಗಳು ಅಟ್ಟವನ್ನೇರಿದವು. ಅವುಗಳೊಡನೆ ಅಳತೆಯೂ ಅಟ್ಟವೇರಿತು. ಆದುದರಿಂದ ಈಗಿನ ಮನೆಗಳಲ್ಲಿ ನೀರುಳಿತಾಯವೆಂದರೆ ಬಹುಪಾಲು ಪಾತ್ರೆಯನ್ನು ಪುನಃ ಪ್ರತಿಷ್ಠಾಪಿಸುವುದೇ ಆಗಿದೆ. ನಿಮಿಷಕ್ಕೆ ಹತ್ತು ಲೀಟರ್ ಸುರಿಯುವ ಷವರಿನ ಕೆಳಗೆ ಹತ್ತು ನಿಮಿಷ ನಿಂತವನು 100 ಲೀಟರನ್ನು ಮೋರಿಗೆ ಸೇರಿಸುತ್ತಾನೆ. ಬಕೆಟ್ಟು ತಂಬಿಗೆಗಳನ್ನಿಟ್ಟುಕೊಂಡವನು ಅದರ ಕಾಲುಭಾಗದಲ್ಲಿ ಶುಚಿಯಾಗುತ್ತಾನೆ. ಹಲ್ಲುಜ್ಜುವುದಕ್ಕೆ ಒಂದು ಲೋಟ, ತರಕಾರಿ ತೊಳೆಯುವುದಕ್ಕೆ ಒಂದು ಬೋಗುಣಿ ಸಾಕು. ನೀರು ಶುದ್ಧೀಕರಿಸುವ ಯಂತ್ರವು ಹೊರಚೆಲ್ಲುವ ನೀರಿಗೊಂದು ಬಕೆಟ್ಟನ್ನೊಡ್ಡಿದರೆ ನೆಲ ಒರೆಸುವ ಕೆಲಸವು ನಡೆದುಹೋಗುತ್ತದೆ. ಶೌಚಾಲಯದಲ್ಲಿ ಒಮ್ಮೆಗೆ ಹತ್ತು ಲೀಟರ್ ಸುರಿಯುವ ಹಳೆಯ ತೊಟ್ಟಿಯ ಬದಲಿಗೆ, ಅಗತ್ಯಾನುಸಾರ ಮೂರು ಅಥವಾ ಆರು ಲೀಟರ್ ಬಿಡುವ ಎರಡು ಗುಂಡಿಗಳ ತೊಟ್ಟಿಯು ಲೇಸು. ಇನ್ನು ಮಳೆಯ ಮಾತು: ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ, 100 ಚದರ ಮೀಟರಿನ ಮಾಳಿಗೆಯ ಮೇಲೆ 90,000 ಲೀಟರ್ ನೀರು, ಪಂಪಿನ ಹಂಗಿಲ್ಲದೆ, ತಾನಾಗಿಯೇ ಬಂದಿಳಿಯುತ್ತದೆ.

ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ಸರ್ಕಾರದ ಮಾನದಂಡ. 15 ಲೀಟರಿನ ಕೊಡದ ಲೆಕ್ಕದಲ್ಲಿ ಒಂಬತ್ತು ಕೊಡ. ನಾವು ಎಷ್ಟು ಕೊಡದವರೆಂಬುದನ್ನು ಅರಿಯಲು ಬಾವಿಗೆ ಮರಳಬೇಕಾದ್ದಿಲ್ಲ. ಗೇಟಿನ ಬಳಿ ಧೂಳು ತಿನ್ನುತ್ತಿರುವ ಮೀಟರನ್ನು ಒಂದು ವಾರದ ಅಂತರದಲ್ಲಿ ಎರಡು ಸಾರಿ ಓದಿ, ಬಂದ ವ್ಯತ್ಯಾಸವನ್ನು ಮನೆಯ ಜನರಿಂದಲೂ ಏಳು ದಿನಗಳಿಂದಲೂ ಭಾಗಿಸಿ ನೋಡಬೇಕೆಂದು ಓದುಗರಲ್ಲಿ ನನ್ನ ವಿಜ್ಞಾಪನೆ. ಒಂಬತ್ತು ಕೊಡಕ್ಕಿಂತ ಹೆಚ್ಚು ಬಂದರೆ, ಮೊದಲು ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿಸಿರಿ.