ಬೆರಳು ಹೇಳದ್ದನ್ನ ಕಣ್ಣು ನೋಡ್ಬೇಕು

1/6

ಈ ಫೋಟೋನ ಒಂದ್ಸಲ ಝೂಮ್ ಮಾಡಿ ನೋಡಿ. ನಮ್ಮಮ್ಮನ ಬಲಗೈ. ಫಿಲ್ಟರ್ ಇಲ್ಲ, ಎಡಿಟ್ ಇಲ್ಲ. "ಮುಖ ಬೇಡ ಮಗಾ, ಕೈ ಬೇಕಾದ್ರೆ ಹಾಕ್ಕೋ. ಯಾರಿಗಾದ್ರೂ ಉಪಯೋಗ ಆಗೋದಾದ್ರೆ ಆಗ್ಲಿ" ಅಂತ ಅಮ್ಮನೇ ಒಪ್ಪಿದ್ದು.

ತೋರುಬೆರಳಿನ ತುದಿ ನೋಡಿ. ಬೇಸಿಗೆಲಿ ಕೆರೆ ತಳ ಒಡೆದ ಹಾಗೆ ಸಣ್ಣ ಸಣ್ಣ ಗೆರೆ. ಹೆಬ್ಬೆರಳಿನ ಪಕ್ಕ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿದೆ. ಅಲ್ಲೇ ಒಂದು ಕೆಂಪು ಗಾಯ ಕಾಣ್ತಿದೆಯಲ್ಲ, ಅದು ದಾರ ಕೊಯ್ದಿದ್ದು. ಅದು ಆದಾಗ ಅಮ್ಮನಿಗೆ ಗೊತ್ತೇ ಆಗಿರ್ಲಿಲ್ಲ. ಮಲ್ಲಿಗೆ ಮೊಗ್ಗಿನ ಮೇಲೆ ರಕ್ತದ ಕಲೆ ಕಂಡ ಮೇಲೇ ಗೊತ್ತಾಗಿದ್ದು.

ಅಮ್ಮ ಹೂ ಕಟ್ತಾರೆ. ಬೆಳಗ್ಗೆ ಬಿಡಿ ಹೂ ಮನೆಗೆ ಬರುತ್ತೆ, ಮಧ್ಯಾಹ್ನದೊಳಗೆ ಮಾರು ಲೆಕ್ಕದಲ್ಲಿ ಕಟ್ಟಿ ಅಂಗಡಿಗೆ ವಾಪಸ್ ಕೊಡ್ಬೇಕು. ನನ್ನ ಬಿಕಾಂ ಫೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿರೋದು ಮಲ್ಲಿಗೆ, ಕಾಕಡ, ಕನಕಾಂಬರದಿಂದ. ಟಿವಿ ನೋಡ್ತಾ, ಮಾತಾಡ್ತಾ, ಹೂವಿನ ಕಡೆ ನೋಡದೇನೇ ಗಂಟೆಗೆ ನಾಲ್ಕು ಮಾರು ಕಟ್ಟೋರು. ಈಗ ಮೂರು ಕಟ್ಟೋದು ಕಷ್ಟ, ಅದೂ ತಲೆ ಬಗ್ಗಿಸಿ ಬೆರಳನ್ನೇ ನೋಡ್ತಾ.

ಅಮ್ಮನಿಗೆ 46 ವರ್ಷ. ಸಕ್ಕರೆ ಕಾಯಿಲೆ ಬಂದು 11 ವರ್ಷ. ಈ ಸರಣಿ ಆ ಕೈ ಬಗ್ಗೆ. ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನರ ಮನೇಲಿ ಇಂಥ ಒಂದು ಕೈ ಇದೆ ಅಂತ ಧೈರ್ಯವಾಗಿ ಹೇಳ್ತೀನಿ. ಯಾಕಂದ್ರೆ 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಶುಗರ್ ಇದೆ.

2/6

ಮೊದಲು ಬಂದಿದ್ದು ಕೈಗಲ್ಲ, ಕಾಲಿಗೆ. ನಾಲ್ಕು ವರ್ಷದ ಹಿಂದೆ ಕಾಲ್ಬೆರಳಲ್ಲಿ ಜುಮುಜುಮು ಶುರುವಾಯ್ತು. "ಇರುವೆ ಹರಿದ ಹಾಗೆ" ಅನ್ನೋರು. ಆಮೇಲೆ ರಾತ್ರಿ ಹೊತ್ತು ಪಾದ ಉರಿ, ಚಳಿಗಾಲದಲ್ಲೂ ಹೊದಿಕೆಯಿಂದ ಕಾಲು ಹೊರಗೆ. ಹೋದ ವರ್ಷ ಬೆರಳ ತುದಿಗೆ ಬಂತು. "ಏನು ಮುಟ್ಟಿದ್ರೂ ಮಧ್ಯೆ ಒಂದು ತೆಳು ಬಟ್ಟೆ ಇದ್ದ ಹಾಗಿದೆ" ಅಂತಾರೆ.

ಈ ಕ್ರಮಕ್ಕೆ ಕಾರಣ ಇದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ರೆ ನರಗಳಿಗೂ, ಆ ನರಗಳಿಗೆ ರಕ್ತ ಕೊಡೋ ಕೂದಲಿನಷ್ಟು ಸಣ್ಣ ನಾಳಗಳಿಗೂ ಏಟು ಬೀಳುತ್ತೆ. ತುಂಬಾ ಉದ್ದದ ನರ ಮೊದಲು ಸೋಲುತ್ತೆ. ನಮ್ಮ ದೇಹದಲ್ಲಿ ಅತಿ ಉದ್ದದ ನರ ಹೋಗೋದು ಕಾಲ್ಬೆರಳಿಗೆ. ಅಲ್ಲಿಂದ ಮೇಲಕ್ಕೆ ಹತ್ತುತ್ತಾ ಮಂಡಿ ಹತ್ರ ಬರೋ ಹೊತ್ತಿಗೆ ಕೈಬೆರಳಲ್ಲೂ ಶುರುವಾಗುತ್ತೆ. ಕಾಲಿಗೆ ಸಾಕ್ಸ್, ಕೈಗೆ ಗ್ಲೌಸ್ ಹಾಕಿದ್ರೆ ಎಲ್ಲೆಲ್ಲಿ ಮುಚ್ಚುತ್ತೋ ಅಲ್ಲೆಲ್ಲ.

ಸರಿ, ಚರ್ಮ ಯಾಕೆ ಒಣಗುತ್ತೆ? ನಾನು ಡಾಕ್ಟರ್‌ನ ಕೇಳಿದ ಪ್ರಶ್ನೆ ಇದೇ. ಬೆವರು ಬರಬೇಕಾದ್ರೂ ನರವೇ ಆರ್ಡರ್ ಕೊಡ್ಬೇಕು. ಆ ನರ ಸುಮ್ಮನಾದ್ರೆ ಬೆವರು ಗ್ರಂಥಿಗೆ ಸುದ್ದಿನೇ ತಲುಪಲ್ಲ. ಬೆವರಿಲ್ಲದ ಚರ್ಮ ಒಣಗುತ್ತೆ, ಒಣಗಿದ್ದು ಬಿರಿಯುತ್ತೆ, ಬಿರಿದ ಕಡೆಯಿಂದ ಕ್ರಿಮಿ ಒಳಗೆ ಹೋಗುತ್ತೆ. ಸಕ್ಕರೆ ಹೆಚ್ಚಿದ್ರೆ ಗಾಯ ಮಾಯೋದೂ ನಿಧಾನ.

ಅಮ್ಮನ ಕೈ ಒಣಗೋಕೆ ನರ ಒಂದೇ ಕಾರಣ ಅಲ್ಲ. ದಿನವಿಡೀ ಒದ್ದೆ ಹೂವು, ಆಮೇಲೆ ಪಾತ್ರೆ ಸೋಪು, ಬಟ್ಟೆ ಸೋಪು. ನೀರಲ್ಲಿ ನೆನೆದು ನೆನೆದು ಒಣಗೋ ಕೈ ಎಲ್ಲಕ್ಕಿಂತ ಬೇಗ ಬಿರಿಯುತ್ತೆ. ಅಂದ್ರೆ ಒಳಗಿಂದ ಒಂದು, ಹೊರಗಿಂದ ಒಂದು.

ಎಲ್ರೂ ತಲೆ ಕೆಡಿಸಿಕೊಳ್ಳೋದು ನೋವಿಗೆ. ಉರಿ ಕಮ್ಮಿ ಆಯ್ತು ಅಂದ್ರೆ "ಪರವಾಗಿಲ್ಲ, ವಾಸಿ ಆಗ್ತಿದೆ" ಅಂತಾರೆ. ಕೆಲವು ಸಲ ಉರಿ ನಿಲ್ಲೋದು ನರ ಸುಧಾರಿಸಿದ್ದಕ್ಕಲ್ಲ, ಪೂರ್ತಿ ಮರಗಟ್ಟಿದ್ದಕ್ಕೆ. ನೋವಿಲ್ಲ ಅನ್ನೋದು ಇಲ್ಲಿ ಒಳ್ಳೇ ಸುದ್ದಿನೇ ಆಗಿರ್ಬೇಕು ಅಂತೇನಿಲ್ಲ.

3/6

"ಶುಗರ್ ಇದೆ, ಕೈ ಜೋಮು ಹಿಡೀತಿದೆ, ಅಂದ್ರೆ ಶುಗರಿಂದಾನೇ" ಅಂತ ಮನೇಲೇ ತೀರ್ಪು ಕೊಡ್ಬೇಡಿ. ಇದೇ ಥರ ಕಾಣೋದು ಬೇರೆ ಮೂರ್ನಾಲ್ಕು ಇವೆ, ಕೆಲವಕ್ಕೆ ಸುಲಭದ ಚಿಕಿತ್ಸೆ ಇದೆ.

ಬಿ12 ಕೊರತೆ. ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ಕೆಲವರಲ್ಲಿ ಬಿ12 ಇಳಿಯುತ್ತೆ. ಬರೀ ಸಸ್ಯಾಹಾರಿಗಳಲ್ಲಿ ಮೊದಲೇ ಕಮ್ಮಿ ಇರೋ ಸಾಧ್ಯತೆ ಹೆಚ್ಚು. ಬಿ12 ಕಮ್ಮಿ ಆದ್ರೂ ಕೈಕಾಲು ಜುಮುಗುಟ್ಟುತ್ತೆ. ಒಂದು ರಕ್ತ ಪರೀಕ್ಷೆಲಿ ಗೊತ್ತಾಗುತ್ತೆ. ಹಾಗಂತ ಮಾತ್ರೆ ನೀವೇ ನಿಲ್ಲಿಸ್ಬೇಡಿ, ಡಾಕ್ಟರ್‌ನ ಕೇಳಿ. ಅಮ್ಮನಿಗೆ ಬಿ12 ಕಮ್ಮಿ ಇತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಜುಮುಜುಮು ಸ್ವಲ್ಪ ಇಳೀತು, ಪೂರ್ತಿ ಹೋಗ್ಲಿಲ್ಲ.

ಕಾರ್ಪಲ್ ಟನಲ್. ಮಣಿಕಟ್ಟಲ್ಲಿ ನರ ಒತ್ತಿಕೊಳ್ಳೋದು. ಇದ್ರಲ್ಲಿ ಜೋಮು ಹಿಡಿಯೋದು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳಿನ ಅರ್ಧ. ಕಿರುಬೆರಳು ಸಾಮಾನ್ಯವಾಗಿ ಚೆನ್ನಾಗಿರುತ್ತೆ. ರಾತ್ರಿ ಎಚ್ಚರ ಆಗಿ ಕೈ ಒದರಿದ್ರೆ ಹಾಯ್ ಅನ್ಸುತ್ತೆ. ಶುಗರ್ ಇರೋರಿಗೆ ಇದು ಬರೋ ಸಂಭವ ಹೆಚ್ಚು, ಒಂದೇ ಥರ ಬೆರಳಾಡಿಸೋ ಕೆಲಸದವರಿಗೂ ಬರಬಹುದು. ಇದಕ್ಕೆ ಪಟ್ಟಿ, ಇಂಜೆಕ್ಷನ್, ಆಪರೇಷನ್ ಅಂತ ಬೇರೆ ದಾರಿನೇ ಇದೆ.

ಥೈರಾಯ್ಡ್. ಅದೂ ಚರ್ಮ ಒಣಗಿಸುತ್ತೆ, ಕೈ ಜೋಮು ಹಿಡಿಸುತ್ತೆ.

ಇನ್ನೊಂದು ನೀವು ಈಗ್ಲೇ ನೋಡಬಹುದು. ಅವರಿಗೆ ನಮಸ್ಕಾರ ಮಾಡೋಕೆ ಹೇಳಿ. ಎರಡೂ ಅಂಗೈ, ಬೆರಳು ಪೂರ್ತಿ ಅಂಟಿಕೊಳ್ಳದೆ ಮಧ್ಯೆ ಸಂದು ಉಳಿದ್ರೆ, ಶುಗರಿಂದ ಬೆರಳ ಕೀಲು ಮತ್ತು ಚರ್ಮ ಬಿಗಿ ಆಗಿರಬಹುದು. ಡಾಕ್ಟರ್‌ಗಳೂ ಇದೇ ಪರೀಕ್ಷೆ ಮಾಡ್ತಾರೆ. ಅಮ್ಮನ ಕೈ ಚೆನ್ನಾಗಿ ಕೂಡುತ್ತೆ. "ಅಷ್ಟಾದ್ರೂ ದೇವ್ರಿಗೆ ಕೈ ಮುಗಿಯೋ ಹಾಗೆ ಇಟ್ಟಿದ್ದಾನಲ್ಲ" ಅಂತ ನಕ್ಕರು.

ಬಹಳ ಮುಖ್ಯ: ಒಂದೇ ಕಡೆ ಕೈ ಇದ್ದಕ್ಕಿದ್ದ ಹಾಗೆ ಮರಗಟ್ಟಿದ್ರೆ, ಬಾಯಿ ಸೊಟ್ಟ ಆದ್ರೆ, ಮಾತು ತೊದಲಿದ್ರೆ ಅದು ಶುಗರ್ ನರ ಅಲ್ಲ, ಲಕ್ವ ಇರಬಹುದು. ಕಾಯ್ಬೇಡಿ, 108.

4/6

ಈಗ ಯಾರೂ ಹೇಳದ ಒಂದು ತೊಂದರೆ. ಹೆಬ್ಬೆಟ್ಟು.

ನಿಮ್ಮ ಫೋನ್ ಬೆರಳು ಗುರುತಿಸದೆ ಹೋದ್ರೆ ಪಿನ್ ಹಾಕ್ತೀರ, ಮುಗೀತು. ಅಮ್ಮನಿಗೆ ರೇಷನ್ ಅಂಗಡಿಲಿ ಹೆಬ್ಬೆಟ್ಟು ಬರ್ಬೇಕು. ಒಣಗಿ ಬಿರಿದ ಬೆರಳಿನ ಗೆರೆ ಮೆಷಿನ್‌ಗೆ ಸರಿಯಾಗಿ ಕಾಣಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ಹಿಂದೆ ಕ್ಯೂನಲ್ಲಿ ನಿಂತೋರು ಗೊಣಗ್ತಾರೆ. "ಸರಿಯಾಗಿ ಒತ್ತಮ್ಮ" ಅಂತಾರೆ. ಎಷ್ಟು ಒತ್ತಿದೀನಿ ಅನ್ನೋದೇ ಗೊತ್ತಾಗದ ಬೆರಳಿಗೆ ಸರಿಯಾಗಿ ಒತ್ತು ಅಂದ್ರೆ ಹೇಗೆ? ಒಂದು ತಿಂಗಳು ಅಕ್ಕಿ ತರೋಕೆ ಮೂರು ಸಲ ಹೋಗಿದ್ರು. ಮೂರು ಬೆಳಗ್ಗೆ ಅಂದ್ರೆ ಮೂರು ದಿನದ ಹೂವಿನ ಕೂಲಿ.

ನಮಗೆ ಉಪಯೋಗ ಆಗಿದ್ದು ಹೇಳ್ತೀನಿ. ಹೋಗೋ ಹಿಂದಿನ ದಿನ ರಾತ್ರಿ ಬೆರಳಿಗೆ ಚೆನ್ನಾಗಿ ಕ್ರೀಮ್ ಹಚ್ಚೋದು, ಬೆಳಗ್ಗೆ ಕೈ ತೊಳೆದು ಜಿಡ್ಡು ಇಲ್ಲದ ಹಾಗೆ ಒರೆಸೋದು. ಹೆಬ್ಬೆರಳು ಬರದಿದ್ರೆ ಬೇರೆ ಬೆರಳು ಇಡೋದು. ಅಮ್ಮನಿಗೆ ಎಡಗೈ ಉಂಗುರದ ಬೆರಳು ಬೇಗ ಬರುತ್ತೆ, ಯಾಕಂದ್ರೆ ದಾರ ಅದನ್ನ ಅಷ್ಟು ಸವೆಸಿಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಹೊಸದಾಗಿ ಕೊಟ್ಟು ಬಂದ್ವಿ, ಮೊಬೈಲ್ ನಂಬರ್ ಕೂಡ ಸರಿಯಾಗಿ ಜೋಡಿಸಿದ್ವಿ. ಆಧಾರ್‌ನಲ್ಲಿ ಬೆರಳಲ್ಲದೆ ಕಣ್ಣಿನ ಪಾಪೆ, ಮುಖ, ಓಟಿಪಿ ಮೂಲಕ ಗುರುತು ಹಿಡಿಯೋ ದಾರಿನೂ ಇದೆ. ನಿಮ್ಮೂರಿನ ಅಂಗಡಿಲಿ ಯಾವುದು ನಡೆಯುತ್ತೆ ಅಂತ ಮೊದಲೇ ಕೇಳಿಟ್ಕೊಳ್ಳಿ. ಸಾಧ್ಯ ಆದ್ರೆ ನೀವೂ ಜೊತೆಗೆ ಹೋಗಿ.

5/6

ಸೇವ್ ಮಾಡ್ಕೊಳ್ಳೋ ಪೋಸ್ಟ್ ಇದು. ನಮ್ಮನೇಲಿ ದಿನಾ ನಡೆಯೋದು:

– ಕೈ ತೊಳೆದ ತಕ್ಷಣ, ಸ್ವಲ್ಪ ತೇವ ಇರುವಾಗಲೇ ಕ್ರೀಮ್. ಚರ್ಮ ಪೂರ್ತಿ ಒಣಗಿದ ಮೇಲೆ ಹಚ್ಚಿದ್ರೆ ಅಷ್ಟು ಹಿಡಿಯಲ್ಲ. ದುಬಾರಿದು ಬೇಕಿಲ್ಲ, ವಾಸನೆ ಇಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು. ಚರ್ಮ ದಪ್ಪಗಾಗಿ ಗಟ್ಟಿಯಾಗಿದ್ರೆ ಯೂರಿಯಾ ಇರೋ ಕ್ರೀಮ್ ಡಾಕ್ಟರ್ ಬರೆದುಕೊಡ್ತಾರೆ. ಬಿರುಕಿಗೆ ನೇರ ಹಚ್ಚಿದ್ರೆ ಅದು ಉರಿಯುತ್ತೆ.

– ರಾತ್ರಿ ದಪ್ಪಗೆ ಹಚ್ಚಿ ಹಳೇ ಕಾಟನ್ ಗ್ಲೌಸ್. ಮೊದಮೊದಲು ಅಮ್ಮ "ನಾನೇನು ಟ್ರಾಫಿಕ್ ಪೊಲೀಸಾ" ಅಂದ್ರು. ಈಗ ಅವರೇ ಹುಡುಕ್ತಾರೆ.

– ಪಾತ್ರೆ ತೊಳೆಯೋದು ನಾನು. ಅಮ್ಮ ತೊಳೆದ್ರೆ ರಬ್ಬರ್ ಗ್ಲೌಸ್.

– ಬಿಸಿನೀರು ಬೆರಳಲ್ಲಿ ಮುಟ್ಟಿ ನೋಡೋ ಹಾಗಿಲ್ಲ, ಮೊಣಕೈಯಲ್ಲಿ. ಬಿಸಿ ಪಾತ್ರೆ ಇಳಿಸೋಕೆ ಬಟ್ಟೆ ಅಲ್ಲ, ಇಕ್ಕಳ. ಬಟ್ಟೆ ಜಾರಿದ್ದು ಬೆರಳಿಗೆ ಗೊತ್ತಾಗಲ್ಲ. ಶಾಖ ಕೊಡೋ ಬ್ಯಾಗು, ಬಿಸಿನೀರಲ್ಲಿ ಕೈ ನೆನೆಸೋದು ಎರಡೂ ಬೇಡ.

– ಒರಟು ಚರ್ಮನ ಬ್ಲೇಡಲ್ಲಿ ಕೆರೆಯೋದು ಖಂಡಿತ ಬೇಡ.

– ಶುಗರ್ ಚೆಕ್ ಮಾಡೋಕೆ ಚುಚ್ಚೋದು ಬೆರಳ ತುದಿಯ ಮಧ್ಯಕ್ಕಲ್ಲ, ಪಕ್ಕಕ್ಕೆ, ದಿನಾ ಬೇರೆ ಬೆರಳು. ಚುಚ್ಚೋಕೆ ಮುಂಚೆ ಕೈ ತೊಳೆದು ಒರೆಸಿ. ಹಣ್ಣಿನ ರಸ ಅಂಟಿದ್ರೆ ಮೀಟರ್ ಸುಳ್ಳು ಹೇಳುತ್ತೆ.

– ಹೂ ಕಟ್ಟುವಾಗ ತೆಳು ದಾರ ಬಿಟ್ಟು ದಪ್ಪ ನೂಲು, ದಾರ ಎಳೆಯೋ ಬೆರಳಿಗೆ ಬಟ್ಟೆಯ ಪ್ಲಾಸ್ಟರ್ ಸುತ್ತು. ಅರ್ಧ ಗಂಟೆಗೊಮ್ಮೆ ಕೈ ಒರೆಸಿ, ಬೆರಳು ಬಿಡಿಸಿ, ಮುಚ್ಚಿ. ಕೂರೋ ಜಾಗ ಕಿಟಕಿ ಹತ್ರ, ಬೆಳಕಿಗೆ.

– ರಾತ್ರಿ ಮಲಗೋ ಮುಂಚೆ ಎರಡು ನಿಮಿಷ ಫೋನಿನ ಟಾರ್ಚ್ ಹಾಕಿ ಎರಡೂ ಕೈ, ಎರಡೂ ಪಾದ ನೋಡ್ತೀನಿ. ಗಾಯ, ಗುಳ್ಳೆ, ಕೆಂಪು, ಊತ. ಕೀವು, ಊತ, ಹರಡ್ತಿರೋ ಕೆಂಪು ಕಂಡ್ರೆ ಮುಲಾಮು ಹುಡುಕ್ತಾ ಕೂರೋ ಹಾಗಿಲ್ಲ, ಡಾಕ್ಟರ್ ಹತ್ರ.

ಇದನ್ನೆಲ್ಲ ಒಂದೇ ಮಾತಲ್ಲಿ ಹೇಳ್ಬೇಕಂದ್ರೆ, ಬೆರಳು ಮಾಡ್ತಿದ್ದ ಕಾವಲು ಕೆಲಸನ ಈಗ ಕಣ್ಣು ಮಾಡ್ಬೇಕು. ಅಮ್ಮನ ಕಣ್ಣು ಸಾಲದಿದ್ರೆ ನಮ್ಮ ಕಣ್ಣು.

6/6

ಕ್ರೀಮ್ ಹಚ್ಚಿದ್ರೆ ಚರ್ಮ ಉಳಿಯುತ್ತೆ, ನರ ಉಳಿಯಲ್ಲ. ಉರಿಗೆ ಕೊಡೋ ಪ್ರಿಗಾಬಲಿನ್, ಡುಲಾಕ್ಸೆಟಿನ್ ಥರದ ಮಾತ್ರೆಗಳೂ ಅಷ್ಟೇ, ನೋವು ತಗ್ಗಿಸಿ ನಿದ್ದೆ ಬರೋ ಹಾಗೆ ಮಾಡುತ್ತವೆ, ನರನ ರಿಪೇರಿ ಮಾಡಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ತಗೊಳ್ಳೋ ಮಾತ್ರೆನೂ ಅಲ್ಲ ಅವು.

ನಮ್ಮ ಬಿಕಾಂ ಭಾಷೆಲಿ ಇದಕ್ಕೆ ಸವಕಳಿ ಅನ್ನಬಹುದು. ಬರೆದು ಹಾಕಿದ್ದು ವಾಪಸ್ ಬರೋದು ಕಷ್ಟ, ಮುಂದಿನ ವರ್ಷದ ಸವಕಳಿ ಕಮ್ಮಿ ಮಾಡೋದು ಮಾತ್ರ ಕೈಲಿದೆ. ದಿನದ ಶುಗರ್ ಅಂದ್ರೆ ಆ ದಿನದ ನಗದು ಪುಸ್ತಕ. ಎಚ್‌ಬಿಎ1ಸಿ ಅಂದ್ರೆ ಎರಡು ಮೂರು ತಿಂಗಳ ಸರಾಸರಿ. ಆಸ್ಪತ್ರೆಗೆ ಹೋಗೋ ದಿನ ಮಾತ್ರ ಉಪವಾಸ ಮಾಡಿ ಇದನ್ನ ಏಮಾರಿಸೋಕೆ ಆಗಲ್ಲ. ಹೆಚ್ಚಿನವರಿಗೆ ಇದು 7ರ ಆಸುಪಾಸಿನ ಕೆಳಗೆ ಇರ್ಲಿ ಅಂತಾರೆ, ವಯಸ್ಸು ನೋಡಿ ಡಾಕ್ಟರ್ ಬೇರೆ ಗುರಿನೂ ಹೇಳಬಹುದು.

ಇದು ಬರೀ ಬುದ್ಧಿವಾದ ಅಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಇರೋ 1441 ಜನರ ಮೇಲೆ ನಡೆದ ಡಿಸಿಸಿಟಿ ಅಧ್ಯಯನ 1993ರಲ್ಲಿ ಪ್ರಕಟ ಆಯ್ತು. ಸಕ್ಕರೆ ಬಿಗಿಯಾಗಿ ಹಿಡಿದವರಲ್ಲಿ ನರದ ತೊಂದರೆ ಸುಮಾರು 60% ಕಮ್ಮಿ ಇತ್ತು. ಅಮ್ಮನಿಗಿರೋದು ಟೈಪ್ 2. ಅದರಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಆದ್ರೂ ಇದೆ. ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಹಿಡಿತದಲ್ಲಿರ್ಬೇಕು, ಬೀಡಿ ಸಿಗರೇಟು ತಂಬಾಕು ಬಿಡ್ಬೇಕು.

ಅಮ್ಮನಿಗೆ ಇರೋ ಭಯ ಕಾಯಿಲೆದಲ್ಲ. ಮುಂಚೆ ಮೊಗ್ಗು ಮುಟ್ಟಿದ್ರೆ ಸಾಕಿತ್ತು, ಇವತ್ತಿಂದಾ ನಿನ್ನೆದಾ ಅಂತ ಹೇಳೋರು. ಈಗ ಮುಟ್ಟಿದ್ರೆ ಗೊತ್ತಾಗಲ್ಲ, ಕಣ್ಣ ಹತ್ರ ಹಿಡೀತಾರೆ. ಹೋದ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂಗಡಿಯವರು ಹೂವು ಅರ್ಧ ಕಮ್ಮಿ ಕಳಿಸಿದ್ರು. ಬೈಲಿಲ್ಲ, ಏನೂ ಹೇಳ್ಲಿಲ್ಲ, ಕಮ್ಮಿ ಕಳಿಸಿದ್ರು ಅಷ್ಟೇ. ಅವತ್ತಿಂದ ಕಾಲೇಜಿಂದ ಬಂದ ಮೇಲೆ ನಾನೂ ಪಕ್ಕ ಕೂತು ಕಟ್ತೀನಿ. ಗಂಟೆಗೆ ಒಂದೂವರೆ ಮಾರು. ನನ್ನ ಗಂಟು ಇನ್ನೂ ಸಡಿಲ, ಅಮ್ಮ ಬಿಚ್ಚಿ ಮತ್ತೆ ಕಟ್ಟಿಸ್ತಾರೆ.

ನಿಮ್ಮ ಮನೇಲಿ ಶುಗರ್ ಇರೋರು ಯಾರಿದ್ರೂ ಇವತ್ತು ರಾತ್ರಿ ಮೂರು ಪ್ರಶ್ನೆ ಕೇಳಿ. ಬೆರಳು ಜುಮು ಅನ್ನುತ್ತಾ? ಬಿಸಿ ತಣ್ಣಗೆ ಸರಿಯಾಗಿ ಗೊತ್ತಾಗುತ್ತಾ? ಕೊನೇ ಸಲ ಪಾದ ಪರೀಕ್ಷೆ ಮಾಡಿಸಿದ್ದು ಯಾವಾಗ? ಉತ್ತರ ಏನೇ ಬಂದ್ರೂ ಕೈ ಹಿಡಿದು ಬೆಳಕಲ್ಲಿ ಒಂದ್ಸಲ ನೋಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಅಂತ ಇರುತ್ತೆ, ಶುಗರ್ ಬಿಪಿ ಅಲ್ಲೇ ನೋಡ್ತಾರೆ. ನರ ಪರೀಕ್ಷೆಗೆ ಹೆದರಬೇಕಿಲ್ಲ. ಒಂದು ನೈಲಾನ್ ಎಳೆ ಒತ್ತಿ, ಟ್ಯೂನಿಂಗ್ ಫೋರ್ಕ್ ಇಟ್ಟು "ಗೊತ್ತಾಗ್ತಿದೆಯಾ" ಅಂತ ಕೇಳ್ತಾರೆ.

ಮುಂದಿನ ಸರಣಿ ಪಾದದ ಬಗ್ಗೆ, ಚಪ್ಪಲಿ ಆರಿಸೋದರಿಂದ ಶುರು. ನಿಮ್ಮನೇಲಿ ಏನು ಉಪಯೋಗ ಆಯ್ತು ಅಂತ ಕಮೆಂಟಲ್ಲಿ ಬರೀರಿ. ಅಮ್ಮನಿಗೆ ಒಂದೊಂದನ್ನೂ ಓದಿ ಹೇಳ್ತೀನಿ.

#ಅಮ್ಮನಕೈ #ಸಕ್ಕರೆಕಾಯಿಲೆ #ಹೂಕಟ್ಟೋಕೈ