ಬೆಳಕಿನ ಕಾಯಕ: ಚಿತ್ರಗಾರ್ತಿ ಬರ್ತ್ ಮೋರಿಸೋ

ಕಲೆಗೆ ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಕಲೆಯನ್ನು ಕಲಿಸುವ ಶಾಲೆಗೆ, ಅದನ್ನು ತೂಗಿನೋಡುವ ಪಂಡಿತಮಂಡಲಿಗೆ, ಕೊಂಡುಕೊಳ್ಳುವ ಪೇಟೆಗೆ ಆ ಭೇದ ಬಹುಕಾಲ ಇದ್ದೇ ಇತ್ತು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರ ಚಿತ್ರಕಲೆಯ ರಾಜಧಾನಿಯೆನಿಸಿತ್ತು. ದೇಶದೇಶಗಳಿಂದ ತರುಣರು ಕುಂಚ ಹಿಡಿದು ಅಲ್ಲಿಗೆ ಬರುತ್ತಿದ್ದರು. ಅಂಥ ನಗರದ ಸರ್ಕಾರಿ ಲಲಿತಕಲಾ ಮಹಾಶಾಲೆಯಾದ ಎಕೋಲ್ ದೆ ಬೋಜಾರ್ ಹೆಣ್ಣುಮಕ್ಕಳಿಗೆ ತನ್ನ ಬಾಗಿಲನ್ನು ತೆರೆದದ್ದು ೧೮೯೭ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, ತನ್ನ ೫೪ನೆಯ ವಯಸ್ಸಿನಲ್ಲಿ, ಆ ನಗರದ ಶ್ರೇಷ್ಠ ಚಿತ್ರಕಾರರ ಸಾಲಿಗೆ ಸೇರಿದ ಒಬ್ಬ ಮಹಿಳೆ ಕಣ್ಣು ಮುಚ್ಚಿದ್ದಳು. ಆಕೆಯೇ ಬರ್ತ್ ಮೋರಿಸೋ. ಶಾಲೆಯಿಲ್ಲದೆ ಕಲಿತು, ಪದವಿಯಿಲ್ಲದೆ ಬೆಳೆದು, ಮನೆಯ ನಾಲ್ಕು ಗೋಡೆಗಳ ನಡುವೆಯೇ ಒಂದು ಯುಗದ ಕಲೆಗೆ ಹೊಸ ಕಣ್ಣು ಕೊಟ್ಟವಳು ಆಕೆ.

ಬರ್ತ್ ಮೋರಿಸೋ ಹುಟ್ಟಿದ್ದು ೧೮೪೧ರ ಜನವರಿ ೧೪ರಂದು, ಫ್ರಾನ್ಸ್ ದೇಶದ ಬೂರ್ಜ್ ಎಂಬ ಊರಿನಲ್ಲಿ. ತಂದೆ ಉನ್ನತ ಸರ್ಕಾರಿ ಅಧಿಕಾರಿ. ಒಂದು ಜಿಲ್ಲೆಯ ಆಡಳಿತವನ್ನೇ ನಡೆಸುತ್ತಿದ್ದವನು. ಈವ್, ಎಡ್ಮಾ ಎಂಬ ಇಬ್ಬರು ಅಕ್ಕಂದಿರು. ತಿಬ್ಯೂರ್ಸ್ ಎಂಬ ಒಬ್ಬ ತಮ್ಮ. ೧೮೫೨ರಲ್ಲಿ ಕುಟುಂಬ ಪ್ಯಾರಿಸ್ಸಿಗೆ ಬಂದು ನೆಲೆಸಿತು. ಅಂದಿನ ಸಿರಿವಂತರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಪಿಯಾನೊ, ಕಸೂತಿ, ಒಂದಿಷ್ಟು ಚಿತ್ರಲೇಖನ ಕಲಿಸುವುದು ವಾಡಿಕೆಯಾಗಿತ್ತು. ಅದು ಮದುವೆಗೆ ಮುನ್ನಿನ ಅಲಂಕಾರವೇ ಹೊರತು ಬದುಕಿನ ಕಸುಬಲ್ಲ. ತಂದೆಯ ಹುಟ್ಟುಹಬ್ಬಕ್ಕೆ ಮಕ್ಕಳು ಒಂದೊಂದು ಚಿತ್ರ ಬರೆದುಕೊಡಲಿ ಎಂಬಷ್ಟೇ ಆಸೆಯಿಂದ ತಾಯಿ ಅವರನ್ನು ಪಾಠಕ್ಕೆ ಹಚ್ಚಿದಳೆಂದು ಹೇಳುತ್ತಾರೆ.

ಮೊದಲ ಗುರುವಿನ ಪಾಠ ಬೇಸರ ತಂದಿತು. ಎರಡನೆಯ ಗುರು ಜೋಸೆಫ್ ಗಿಶಾರ್ ಅನುಭವಿ. ಅವನು ಕೆಲವೇ ದಿನಗಳಲ್ಲಿ ಬರ್ತ್ ಮತ್ತು ಎಡ್ಮಾ ಇವರ ಕೈಯಲ್ಲಿದ್ದ ಶಕ್ತಿಯನ್ನು ಗುರುತಿಸಿದ. ಗುರುತಿಸಿ ಸಂತೋಷಪಟ್ಟನೆಂಬುದಕ್ಕಿಂತ ದಿಗಿಲುಗೊಂಡನೆಂಬುದೇ ಸರಿ. ಇವರಿಬ್ಬರೂ ಮನೆಯ ಅಲಂಕಾರಕ್ಕೆ ಚಿತ್ರ ಬರೆಯುವವರಾಗದೆ ನಿಜವಾದ ಚಿತ್ರಕಾರರೇ ಆಗಿಬಿಡುವರು, ನಿಮ್ಮಂಥ ಮನೆತನದಲ್ಲಿ ಅದು ಒಂದು ಕ್ರಾಂತಿ, ಒಂದು ಅನಾಹುತವೆಂದರೂ ಸಲ್ಲುತ್ತದೆ ಎಂದು ತಾಯಿಗೆ ಎಚ್ಚರಿಕೆ ಹೇಳಿದ. ತಾಯಿ ಹೆದರಲಿಲ್ಲ. ಮಕ್ಕಳ ಬೆನ್ನಿಗೆ ನಿಂತಳು. ೧೮೫೮ರಲ್ಲಿ ಸೋದರಿಯರು ಲೂವ್ರ್ ಸಂಗ್ರಹಾಲಯದಲ್ಲಿ ಪ್ರಾಚೀನ ಕೃತಿಗಳನ್ನು ನಕಲು ಮಾಡಲು ಹೆಸರು ನೋಂದಾಯಿಸಿದರು. ಹೆಣ್ಣುಮಕ್ಕಳು ಅಲ್ಲಿಗೆ ಒಂಟಿಯಾಗಿ ಹೋಗುವಂತಿರಲಿಲ್ಲ. ತಾಯಿಯೋ ಮತ್ತಾರೋ ಹಿರಿಯರೋ ಜೊತೆಗಿರಬೇಕಾಗಿತ್ತು. ಮಹಾಶಾಲೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಆ ಗೋಡೆಗಳ ಮೇಲಿದ್ದ ವೆರೊನೀಸ್, ರೂಬೆನ್ಸ್ ಮೊದಲಾದವರ ಚಿತ್ರಗಳೇ ಅವರಿಗೆ ಪಾಠಶಾಲೆಯಾದವು.

ಬರಬರುತ್ತ ಬರ್ತ್‌ಗೆ ನಕಲಿನ ಕೆಲಸ ಸಾಲದಾಯಿತು. ಬಯಲಿನ ಬೆಳಕಿನಲ್ಲಿ ನಿಂತು ಚಿತ್ರ ಬರೆಯಬೇಕೆಂಬ ಹಂಬಲ ಹುಟ್ಟಿತು. ೧೮೬೦ರ ದಶಕದ ಆರಂಭದಲ್ಲಿ ನಿಸರ್ಗಚಿತ್ರಗಳಿಗೆ ಹೆಸರಾದ ವೃದ್ಧ ಕಲಾವಿದ ಕಾಮಿಲ್ ಕೊರೊ ಅವಳಿಗೆ ಗುರುವಾಗಿ ದೊರೆತ. ಮರದ ನೆರಳಿಗೂ ಬಣ್ಣವುಂಟು, ನೀರಿನ ಮೇಲಿನ ಬೆಳಕಿಗೆ ಗಳಿಗೆಗೊಂದು ರೂಪವುಂಟು ಎಂಬುದನ್ನು ಆಕೆ ಕಣ್ಣಾರೆ ಕಂಡುಕೊಂಡಳು. ೧೮೬೪ರಲ್ಲಿ ಆಕೆಯ ಎರಡು ನಿಸರ್ಗಚಿತ್ರಗಳು ಸಲೋನ್ ಎಂಬ ಸರ್ಕಾರಿ ವಾರ್ಷಿಕ ಪ್ರದರ್ಶನಕ್ಕೆ ಆಯ್ಕೆಯಾದವು. ಆಗ ಆಕೆಗೆ ೨೩ ವರ್ಷ. ಸಲೋನಿನ ಗೋಡೆಯೇರದ ಚಿತ್ರಕಾರನಿಗೆ ಹೆಸರೂ ಇಲ್ಲ, ಹಣವೂ ಇಲ್ಲ ಎಂಬಂಥ ಕಾಲವದು.

ಆ ಹೊತ್ತಿನವರೆಗೆ ಅಕ್ಕತಂಗಿಯರು ಒಂದೇ ಕೋಣೆಯಲ್ಲಿ, ಒಂದೇ ಬೆಳಕಿನಲ್ಲಿ ಕೆಲಸ ಮಾಡಿದವರು. ಎಡ್ಮಾಳ ಕೈ ತಂಗಿಯ ಕೈಗಿಂತ ಕಡಿಮೆಯದೇನೂ ಆಗಿರಲಿಲ್ಲ. ೧೮೬೯ರಲ್ಲಿ ಎಡ್ಮಾ ನೌಕಾದಳದ ಅಧಿಕಾರಿಯೊಬ್ಬನನ್ನು ಮದುವೆಯಾಗಿ ಲೋರಿಯಾಂ ಬಂದರಿಗೆ ಹೊರಟುಹೋದಳು. ಅಲ್ಲಿಗೆ ಅವಳ ಕುಂಚ ನಿಂತಿತೆಂದೇ ಹೇಳಬೇಕು. ಯಾರೂ ಅವಳನ್ನು ಗದರಿಸಲಿಲ್ಲ, ಯಾರೂ ತಡೆಯಲಿಲ್ಲ. ಸಂಸಾರದ ನಿತ್ಯದ ಹೊಣೆಯೇ ಸದ್ದಿಲ್ಲದೆ ಬಣ್ಣದ ಪೆಟ್ಟಿಗೆಯನ್ನು ಮುಚ್ಚಿಸಿತು. ಆ ವರ್ಷ ಬೇಸಗೆಯಲ್ಲಿ ಬರ್ತ್ ಅಕ್ಕನನ್ನು ನೋಡಲು ಹೋಗಿ, ಬಂದರಿನ ಕಲ್ಲುಕಟ್ಟೆಯ ಮೇಲೆ ಬಿಳಿಯ ಕೊಡೆ ಹಿಡಿದು ಕುಳಿತ ಎಡ್ಮಾಳ ಚಿತ್ರ ಬರೆದಳು. ತಿಳಿಯಾದ ನೀರು, ನಿಂತ ಹಡಗುಗಳು, ಒಂದು ಅಂಚಿನಲ್ಲಿ ಒಂಟಿಯಾಗಿ ಕುಳಿತ ಹೆಂಗಸು. ಅಕ್ಕನ ಬಾಳು ತಂಗಿಯ ಮುಂದೆ ಒಂದು ಪ್ರಶ್ನೆಯನ್ನಿಟ್ಟಿತು: ಮದುವೆಯೋ, ಚಿತ್ರವೋ? ಎರಡೂ ಬೇಕೆಂದರೆ ದಾರಿಯೆಲ್ಲಿ? ಬರ್ತ್ ಆ ಪ್ರಶ್ನೆಯನ್ನು ಐದು ವರ್ಷ ಹೊತ್ತು ನಡೆದಳು.

೧೮೬೮ರಲ್ಲಿ ಲೂವ್ರಿನಲ್ಲಿ ಆಕೆಗೆ ಎದ್ವಾರ್ ಮಾನೆಯ ಪರಿಚಯವಾಗಿತ್ತು. ಹಳೆಯ ಕಟ್ಟುಗಳನ್ನು ಮುರಿದು ನಿಂದೆಗೂ ಕೀರ್ತಿಗೂ ಸಮನಾಗಿ ಪಾತ್ರನಾಗಿದ್ದ ಕಲಾವಿದನಾತ. 'ಬಾಲ್ಕನಿ' ಮೊದಲಾಗಿ ಹತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಮಾನೆ ಆಕೆಯನ್ನು ಚಿತ್ರಿಸಿದ್ದಾನೆ. ಇದರಿಂದಾಗಿ ಬಹುಕಾಲ ಜನ ಆಕೆಯನ್ನು ಮಾನೆಯ ರೂಪದರ್ಶಿಯೆಂದೋ ಶಿಷ್ಯೆಯೆಂದೋ ತಿಳಿದರು. ನಿಜಕ್ಕೂ ಅದು ಸಮಾನರ ಗೆಳೆತನ. ಆದರೆ ಆ ಸಮಾನತೆಯನ್ನು ಆಕೆ ಸಂಪಾದಿಸಿಕೊಳ್ಳಬೇಕಾಯಿತು. ೧೮೭೦ರಲ್ಲಿ ತಾಯಿ ಮತ್ತು ಎಡ್ಮಾ ಕುಳಿತಿರುವ ಒಂದು ದೊಡ್ಡ ಚಿತ್ರವನ್ನು ಆಕೆ ಸಲೋನಿಗಾಗಿ ಸಿದ್ಧಪಡಿಸಿದ್ದಳು. ಅಭಿಪ್ರಾಯ ಕೇಳಿದ್ದಕ್ಕೆ ಮಾನೆ ಕುಂಚವನ್ನೇ ಕೈಗೆತ್ತಿಕೊಂಡು ತಾಯಿಯ ಆಕೃತಿಯನ್ನು ಅಡಿಯಿಂದ ಮುಡಿಯವರೆಗೆ ತಿದ್ದಿಬಿಟ್ಟ. ಚಿತ್ರ ಸಲೋನಿಗೆ ಹೋಯಿತು, ಆಯ್ಕೆಯೂ ಆಯಿತು. ಆದರೆ ಆಕೆ ಆ ಮನ್ನಣೆಯಲ್ಲಿ ಸುಖ ಕಾಣಲಿಲ್ಲ. ಪರರ ಕೈಯಿಂದ ಬಂದ ಹೊಳಪು ತನ್ನದಾಗದೆಂಬ ನೋವು ಆಕೆಯ ಕಾಗದಗಳಲ್ಲಿ ಕಾಣುತ್ತದೆ.

ಅದೇ ವರ್ಷ ಫ್ರಾನ್ಸ್ ಮತ್ತು ಪ್ರಷ್ಯಗಳ ಯುದ್ಧ ಹೊತ್ತಿಕೊಂಡು ಪ್ಯಾರಿಸ್ ಮುತ್ತಿಗೆಗೆ ಒಳಗಾಯಿತು. ಅನೇಕರು ಊರು ಬಿಟ್ಟರು; ಮೋರಿಸೋ ಕುಟುಂಬ ಉಳಿಯಿತು. ಚಳಿ, ಅನ್ನದ ಅಭಾವ, ತೋಪುಗಳ ಸದ್ದು ಇವುಗಳ ನಡುವೆ ಬರ್ತ್‌ಳ ಆರೋಗ್ಯ ಕುಂದಿತು. ಆದರೆ ಯುದ್ಧ ಮುಗಿಯುತ್ತಲೇ ಆಕೆಯ ಕಲೆ ಹೊಸ ಚಿಗುರೊಡೆಯಿತು. ೧೮೭೨ರಲ್ಲಿ ಬರೆದ 'ತೊಟ್ಟಿಲು' ಅದಕ್ಕೆ ಸಾಕ್ಷಿ. ತೊಟ್ಟಿಲಲ್ಲಿ ಮಲಗಿದ ಹಸುಗೂಸು ಎಡ್ಮಾಳ ಮಗಳು. ಪಕ್ಕದಲ್ಲಿ ಕೆನ್ನೆಗೆ ಕೈಯೂರಿ ಕುಳಿತು ನೋಡುತ್ತಿರುವವಳು ಎಡ್ಮಾ. ತೊಟ್ಟಿಲ ಮೇಲಿನ ತೆಳುಪರದೆಯನ್ನು ತಾಯಿಯ ಬೆರಳು ತುಸುವೇ ಸರಿಸಿದೆ. ಆ ಪರದೆಯ ಬಿಳುಪಿನೊಳಗೆ ನೀಲಿಯೂ ಗುಲಾಬಿಯೂ ಮಿನುಗುತ್ತವೆ. ತಾಯಿಯ ಮುಖದಲ್ಲಿ ವಾತ್ಸಲ್ಯವಿದೆ, ದಣಿವಿದೆ, ಎತ್ತಲೋ ಹೋದ ಒಂದು ಯೋಚನೆಯೂ ಇದೆ. ಕುಂಚ ಕೆಳಗಿಟ್ಟ ಅಕ್ಕನನ್ನು ಕುಂಚ ಹಿಡಿದ ತಂಗಿ ನೋಡಿದ ನೋಟವದು ಎಂಬುದನ್ನು ತಿಳಿದಾಗ ಚಿತ್ರದ ಮೌನ ಇನ್ನಷ್ಟು ಆಳವಾಗುತ್ತದೆ.

ಈ ಚಿತ್ರ ಜನರ ಮುಂದೆ ಬಂದದ್ದು ೧೮೭೪ರ ಏಪ್ರಿಲ್ ೧೫ರಂದು ಆರಂಭವಾದ ಒಂದು ಐತಿಹಾಸಿಕ ಪ್ರದರ್ಶನದಲ್ಲಿ. ಸಲೋನಿನ ಹಂಗು ತೊರೆದ ಮೋನೆ, ರೆನ್ವಾರ್, ದೆಗಾ, ಪಿಸಾರೊ, ಸಿಸ್ಲೆ, ಸೆಜಾನ್ ಮೊದಲಾದ ೩೦ ಮಂದಿ ಛಾಯಾಗ್ರಾಹಕ ನಾದಾರನ ಹಳೆಯ ಚಿತ್ರಶಾಲೆಯಲ್ಲಿ ತಮ್ಮ ಕೃತಿಗಳನ್ನು ತಾವೇ ಪ್ರದರ್ಶಿಸಿದರು. ಅವರಲ್ಲಿ ಹೆಂಗಸು ಮೋರಿಸೋ ಒಬ್ಬಳೇ. ಮಾನೆ ಅವರೊಡನೆ ಸೇರಲಿಲ್ಲ, ಆಕೆ ಸೇರಿದಳು. ಸಲೋನ್ ಹತ್ತು ವರ್ಷಗಳಿಂದ ಆಕೆಗೆ ಬಾಗಿಲು ತೆರೆದಿತ್ತೆಂಬುದನ್ನು ನೆನೆದರೆ ಈ ನಿರ್ಧಾರದ ಎದೆಗಾರಿಕೆ ತಿಳಿಯುತ್ತದೆ. ತಿರಸ್ಕೃತರಾದವರು ಬಂಡೇಳುವುದು ಸಹಜ; ಪುರಸ್ಕೃತಳಾದವಳು ಆ ಪುರಸ್ಕಾರವನ್ನು ಬಿಟ್ಟು ಹೊರಡುವುದು ವಿರಳ. ಮೋನೆಯ ಒಂದು ಚಿತ್ರದ ಹೆಸರನ್ನು ಹಿಡಿದು ವಿಮರ್ಶಕನೊಬ್ಬ ಅವರೆಲ್ಲರಿಗೂ 'ಇಂಪ್ರೆಷನಿಸ್ಟರು' ಎಂದು ಹಾಸ್ಯದ ಹೆಸರಿಟ್ಟ. ಮೊದಲ ನೋಟಕ್ಕೆ ಮನಸ್ಸಿನಲ್ಲಿ ಒತ್ತಿದ ಮುದ್ರೆಯನ್ನಷ್ಟೇ ಬರೆಯುವವರು, ಕೆಲಸ ಮುಗಿಸಲಾರದವರು ಎಂಬುದು ಅದರ ಕುಹಕ. ಆ ಕುಹಕವೇ ಮುಂದೆ ಬಿರುದಾಯಿತು. ಹಳೆಯ ಗುರು ಗಿಶಾರ್ ಪ್ರದರ್ಶನ ನೋಡಿ ಬೆದರಿ, ಈ ಸಹವಾಸ ಬಿಡಿಸಿರೆಂದು ತಾಯಿಗೆ ಪತ್ರ ಬರೆದ. ಶಿಷ್ಯೆ ಬಿಡಲಿಲ್ಲ.

೧೮೭೫ರಲ್ಲಿ ಈ ಗೆಳೆಯರ ಚಿತ್ರಗಳನ್ನು ಹರಾಜಿಗಿಟ್ಟಾಗ ನೆರೆದ ಜನರ ಗದ್ದಲ ತಡೆಯಲು ಪೊಲೀಸರು ಬರಬೇಕಾಯಿತು. ಆ ಹರಾಜಿನಲ್ಲಿ ಎಲ್ಲಕ್ಕಿಂತ ಹೆಚ್ಚು, ೪೮೦ ಫ್ರಾಂಕ್, ಬೆಲೆ ಬಂದದ್ದು ಮೋರಿಸೋಳ ಚಿತ್ರಕ್ಕೆ. ೧೮೭೬ರ ಎರಡನೆಯ ಪ್ರದರ್ಶನದ ಬಗ್ಗೆ ಬರೆದ ಒಬ್ಬ ಪ್ರಸಿದ್ಧ ಪತ್ರಿಕಾ ವಿಮರ್ಶಕ ಇವರನ್ನು ಐದಾರು ಮಂದಿ ಹುಚ್ಚರ ಕೂಟವೆಂದು ಕರೆದು, ಅವರಲ್ಲೊಬ್ಬಳು ಹೆಂಗಸೆಂದು ಬೇರೆಯಾಗಿ ಎತ್ತಿ ಹೇಳಿದ. ಇಂಥ ಮಾತುಗಳ ನಡುವೆ ನಡೆದ ಎಂಟು ಪ್ರದರ್ಶನಗಳಲ್ಲಿ ಆಕೆ ಏಳರಲ್ಲಿ ಭಾಗವಹಿಸಿದಳು. ತಪ್ಪಿದ್ದು ೧೮೭೯ರದೊಂದು, ಅದಕ್ಕೆ ಕೆಲವೇ ತಿಂಗಳ ಹಿಂದೆ ಆಕೆ ತಾಯಿಯಾಗಿದ್ದಳು.

ಅಕ್ಕನ ಬಾಳು ಕೇಳಿದ್ದ ಪ್ರಶ್ನೆಗೆ ಆಕೆ ಉತ್ತರ ಕಂಡುಕೊಂಡ ಬಗೆ ಗಮನಾರ್ಹವಾದುದು. ೧೮೭೪ರ ಡಿಸೆಂಬರ್ ೨೨ರಂದು, ತನ್ನ ೩೩ನೆಯ ವಯಸ್ಸಿನಲ್ಲಿ, ಎದ್ವಾರ್ ಮಾನೆಯ ತಮ್ಮ ಯೂಜೆನ್ ಮಾನೆಯನ್ನು ಮದುವೆಯಾದಳು. ಆದರೆ ಚಿತ್ರಗಳಿಗೆ ರುಜು ಹಾಕುವಾಗ ಮೋರಿಸೋ ಎಂಬ ತನ್ನ ಹೆಸರನ್ನು ಬಿಡಲಿಲ್ಲ. ಯೂಜೆನ್ ಹೆಂಡತಿಯ ಕೆಲಸವನ್ನು ಗೌರವಿಸಿದವನು. ಪ್ರದರ್ಶನಗಳ ಓಡಾಟವನ್ನು ತಾನೇ ವಹಿಸಿಕೊಂಡವನು. ೧೮೭೫ರಲ್ಲಿ ವೈಟ್ ದ್ವೀಪದಲ್ಲಿ ಆಕೆ ಬರೆದ ಚಿತ್ರದಲ್ಲಿ ಗಂಡ ಮನೆಯೊಳಗೆ ಕಿಟಕಿಯ ಬಳಿ ಕುಳಿತು ಹೊರಗೆ ನೋಡುತ್ತಿದ್ದಾನೆ. ಹೊರಗಿನ ದಾರಿಯಲ್ಲಿ ಒಬ್ಬ ಹೆಂಗಸೂ ಒಂದು ಹುಡುಗಿಯೂ ಇದ್ದಾರೆ. ಒಳಗಿರುವವಳು ಹೆಣ್ಣು, ಹೊರಗಿರುವವನು ಗಂಡು ಎಂಬ ರೂಢಿ ಅಲ್ಲಿ ಸದ್ದಿಲ್ಲದೆ ತಿರುಗುಮುರುಗಾಗಿದೆ. ೧೮೭೮ರ ನವೆಂಬರ್ ೧೪ರಂದು ಮಗಳು ಜೂಲಿ ಹುಟ್ಟಿದಳು. ಅಲ್ಲಿಂದ ಮುಂದೆ ಜೂಲಿಯೇ ತಾಯಿಯ ಕುಂಚಕ್ಕೆ ಅಕ್ಷಯವಾದ ವಸ್ತುವಾದಳು. ದಾದಿಯ ಮಡಿಲಲ್ಲಿ ಹಾಲು ಕುಡಿಯುವ ಜೂಲಿ, ಬೂಜಿವಾಲ್ ತೋಟದಲ್ಲಿ ತಂದೆಯೊಡನೆ ಆಡುವ ಜೂಲಿ, ಪಿಟೀಲು ನುಡಿಸುವ ಜೂಲಿ: ಒಂದು ಮಗುವಿನ ಬೆಳವಣಿಗೆ ಇಷ್ಟು ವರ್ಷ, ಇಷ್ಟು ಪ್ರೀತಿಯಿಂದ ಚಿತ್ರಿತವಾದದ್ದು ಅಪರೂಪ.

ಆಕೆಯ ವಸ್ತುವಿನ ವ್ಯಾಪ್ತಿ ಕಿರಿದೆಂದು ಆಕ್ಷೇಪಿಸುವವರುಂಟು. ಕಲಾವಿದರು ಕೂಡಿ ವಾದಿಸುತ್ತಿದ್ದ ಕಾಫಿಮನೆಗೆ ಮರ್ಯಾದಸ್ಥ ಮನೆತನದ ಹೆಣ್ಣು ಹೋಗುವಂತಿರಲಿಲ್ಲ. ಬೀದಿಯಲ್ಲಿ ಒಂಟಿಯಾಗಿ ನಿಂತು ಬರೆಯುವಂತಿರಲಿಲ್ಲ. ದೊರೆತದ್ದು ಮನೆ, ಹಿತ್ತಿಲು, ಕಿಟಕಿ, ಕನ್ನಡಿ, ಬಟ್ಟೆ ಒಣಹಾಕುವ ಹೆಂಗಸರು, ಹೊಲಿಯುವ ದಾಸಿಯರು. ದೊರೆತದ್ದನ್ನೇ ಆಕೆ ದೊಡ್ಡದು ಮಾಡಿದಳು. ಬೇರೆಯಾದ ಚಿತ್ರಶಾಲೆಯಿಲ್ಲದೆ ಬಹುಮಟ್ಟಿಗೆ ಮನೆಯ ನಡುಕೋಣೆಯಲ್ಲಿಯೇ ಬರೆಯುತ್ತಿದ್ದಳು. ಅತಿಥಿಗಳು ಬಂದರೆ ಕ್ಯಾನ್ವಾಸು ಬಣ್ಣಗಳನ್ನು ಮರೆಗೆ ಸರಿಸುತ್ತಿದ್ದಳು. ಗಳಿಗೆಯಲ್ಲಿ ಸರಿದುಹೋಗುವ ಬೆಳಕು, ಕುಳಿತಲ್ಲಿ ಕೂರದ ಮಗು, ಯಾವಾಗ ಬೇಕಾದರೂ ಕೂಗಿ ಕರೆಯಬಹುದಾದ ಮನೆಗೆಲಸ. ಇವುಗಳಿಗೆ ತಕ್ಕುದಾದ ವೇಗ ಆಕೆಯ ಕುಂಚಕ್ಕೆ ಬಂದಿತು. ೧೮೭೯ರ 'ಬೇಸಗೆಯ ದಿನ' ಎಂಬ ಚಿತ್ರದಲ್ಲಿ ದೋಣಿಯಲ್ಲಿ ಕುಳಿತ ಇಬ್ಬರು ಹೆಂಗಸರ ಉಡುಪು, ಕೊಳದ ನೀರು, ಬಾತುಗಳು ಎಲ್ಲವೂ ಅಡ್ಡಾದಿಡ್ಡಿಯಾಗಿ ಎಳೆದ ಬಿರುಸಾದ ಗೀರುಗಳಲ್ಲಿ ಬೆರೆತುಹೋಗಿವೆ. ಹತ್ತಿರದಿಂದ ನೋಡಿದರೆ ಬಣ್ಣದ ಗೀರು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರು ಅಲುಗುತ್ತದೆ. ಅನೇಕ ಚಿತ್ರಗಳ ಅಂಚಿನಲ್ಲಿ ಬಣ್ಣ ತಾಗದ ಬಟ್ಟೆ ಹಾಗೆಯೇ ಉಳಿದಿದೆ. ಅದನ್ನು ಅಪೂರ್ಣವೆಂದು ಜರೆದರು. ಕ್ಷಣವನ್ನು ಹಿಡಿಯಹೊರಟವಳಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿದಿತ್ತೆಂಬುದನ್ನು ಅವರು ಅರಿಯಲಿಲ್ಲ.

ಮುಂದಿನ ದಿನಗಳಲ್ಲಿ ಆಕೆಯ ಮನೆ ಕಲಾವಿದರ ಕೂಡುತಾಣವಾಯಿತು. ಕಾಫಿಮನೆಗೆ ತಾನು ಹೋಗಲಾಗದಿದ್ದರೇನು, ಗುರುವಾರದ ಸಂಜೆ ರೆನ್ವಾರ್, ದೆಗಾ, ಮೋನೆ, ಕವಿ ಮಲಾರ್ಮೆ ಇವರೇ ಆಕೆಯ ಮನೆಯ ಊಟಕ್ಕೆ ಬಂದರು. ಆದರೂ ೧೮೯೦ರ ಸುಮಾರಿಗೆ ತನ್ನ ಟಿಪ್ಪಣಿಪುಸ್ತಕದಲ್ಲಿ, ಹೆಣ್ಣನ್ನು ಸರಿಸಮನಾಗಿ ಕಂಡ ಗಂಡಸು ಒಬ್ಬನಾದರೂ ಇದ್ದಾನೆಂದು ತನಗೆ ತೋರದು, ತಾನು ಬಯಸಿದ್ದಾದರೂ ಅಷ್ಟೇ, ಏಕೆಂದರೆ ತನ್ನ ಯೋಗ್ಯತೆ ಅವರಿಗಿಂತ ಕಡಿಮೆಯಿಲ್ಲವೆಂದು ತಾನು ಬಲ್ಲೆ ಎಂಬ ಭಾವವನ್ನು ಬರೆದಿಟ್ಟಳು. ೧೮೯೨ರಲ್ಲಿ ಪತಿವಿಯೋಗವಾಯಿತು. ಅದೇ ವರ್ಷ ಆಕೆಯ ಚಿತ್ರಗಳದೇ ಆದ ಮೊದಲ ಪ್ರದರ್ಶನ ನಡೆಯಿತು. ೧೮೯೪ರಲ್ಲಿ ಮಲಾರ್ಮೆಯ ಪ್ರಯತ್ನದಿಂದ ಫ್ರೆಂಚ್ ಸರ್ಕಾರ ಆಕೆಯ ಒಂದು ಚಿತ್ರವನ್ನು ಕೊಂಡಿತು. ಮರುವರ್ಷ ಜೂಲಿ ಜ್ವರದಿಂದ ಮಲಗಿದಾಗ ಶುಶ್ರೂಷೆ ಮಾಡುತ್ತ ತಾಯಿಗೂ ಕಾಯಿಲೆ ಅಂಟಿತು. ೧೮೯೫ರ ಮಾರ್ಚ್ ೨ರಂದು ಬರ್ತ್ ಮೋರಿಸೋ ತೀರಿಕೊಂಡಳು. ಮಗಳಿಗೆ ಆಗ ೧೬ ವರ್ಷ.

ಮರಣದ ದಾಖಲೆಯಲ್ಲಿ ವೃತ್ತಿ ಎಂಬಲ್ಲಿ 'ಯಾವುದೂ ಇಲ್ಲ' ಎಂದು ಗುಮಾಸ್ತ ಬರೆದ. ಪಾಸಿಯ ಸ್ಮಶಾನದ ಕಲ್ಲಿನ ಮೇಲೆ ಆಕೆ ಯೂಜೆನ್ ಮಾನೆಯ ವಿಧವೆ ಎಂದಷ್ಟೇ ಇದೆ. ನಾಲ್ಕುನೂರಕ್ಕೂ ಮಿಕ್ಕಿ ತೈಲಚಿತ್ರಗಳನ್ನೂ, ಅಸಂಖ್ಯಾತ ಜಲವರ್ಣ ಮತ್ತು ಪ್ಯಾಸ್ಟೆಲ್ ಚಿತ್ರಗಳನ್ನೂ ಬಿಟ್ಟುಹೋದವಳಿಗೆ ಸರ್ಕಾರಿ ಕಾಗದದಲ್ಲಿ ಕಸುಬೇ ಇರಲಿಲ್ಲ! ಆದರೆ ಒಡನಾಡಿಗಳು ಬಲ್ಲರು. ಮರುವರ್ಷ, ೧೮೯೬ರ ಮಾರ್ಚ್ ತಿಂಗಳಲ್ಲಿ, ದೆಗಾ, ಮೋನೆ, ರೆನ್ವಾರ್ ತಮ್ಮ ಕೈಯಾರೆ ಆಕೆಯ ಸುಮಾರು ನಾಲ್ಕುನೂರು ಕೃತಿಗಳನ್ನು ಗೋಡೆಗೇರಿಸಿ ಸ್ಮಾರಕ ಪ್ರದರ್ಶನ ನಡೆಸಿದರು. ಮಲಾರ್ಮೆ ಅದಕ್ಕೆ ಮುನ್ನುಡಿ ಬರೆದ.

ಕಾಲ ನಿಧಾನವಾಗಿ ನ್ಯಾಯ ಸಲ್ಲಿಸಿತು. ೧೮೭೪ರಲ್ಲಿ ಯಾರೂ ಕೊಳ್ಳದೆ ಮನೆಯವರಲ್ಲಿಯೇ ಉಳಿದಿದ್ದ 'ತೊಟ್ಟಿಲು' ೧೯೩೦ರಲ್ಲಿ ಲೂವ್ರನ್ನು ಸೇರಿತು; ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ೨೦೧೩ರಲ್ಲಿ ಲಂಡನ್ನಿನ ಹರಾಜಿನಲ್ಲಿ ಆಕೆಯ 'ಊಟದ ನಂತರ' ಎಂಬ ಚಿತ್ರ ಒಂದು ಕೋಟಿ ಡಾಲರಿಗೂ ಮೀರಿದ ಬೆಲೆಗೆ ಹೋಗಿ, ಮಹಿಳೆಯೊಬ್ಬಳ ಕೃತಿಗೆ ಅಲ್ಲಿಯವರೆಗೆ ಹರಾಜಿನಲ್ಲಿ ಸಂದ ಅತಿ ಹೆಚ್ಚಿನ ಮೊತ್ತವೆನಿಸಿತು. ಆದರೆ ಬೆಲೆಯೇ ಬಾಳಿನ ಅಳತೆಯಲ್ಲ. ಕಲಿಯುವ ಹಂಬಲವಿದ್ದ ಇಬ್ಬರು ಸೋದರಿಯರಲ್ಲಿ ಒಬ್ಬಳ ಕುಂಚ ನಿಂತಿತು, ಒಬ್ಬಳದು ಉಳಿಯಿತು. ಉಳಿದದ್ದಕ್ಕೆ ಆಕೆಯ ಛಲ ಎಷ್ಟು ಕಾರಣವೋ, ಹೆದರದೆ ನಿಂತ ತಾಯಿ, ಮನವರಿತು ನಡೆದ ಪತಿ, ಸಮನಾಗಿ ಕೂರಿಸಿಕೊಂಡ ಗೆಳೆಯರೂ ಅಷ್ಟೇ ಕಾರಣ. ವಿದ್ಯಾಸಂಸ್ಥೆಗಳನ್ನು ಕಟ್ಟುವವರೂ ನಡೆಸುವವರೂ ನೆನೆಯಬೇಕಾದ ಮಾತಿದು. ದಾಖಲೆಯಲ್ಲಿ ಕಸುಬಿಲ್ಲದವಳೆನಿಸಿಕೊಂಡ ಆ ತಾಯಿ ನಲವತ್ತು ವರ್ಷ ಎಡೆಬಿಡದೆ ಮಾಡಿದ್ದು ಕಾಯಕವಲ್ಲದೆ ಮತ್ತೇನು?