ತಿಳಿಯಾದ ನೀರೆಲ್ಲ ಶುದ್ಧವೇ?

ಚಂದ್ರಾ ಲೇಔಟ್‌ನ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. 10ನೇ ತರಗತಿಗೆ ಸ್ಥಾನಪಲ್ಲಟ ಕ್ರಿಯೆಯ ಪಾಠ ಮಾಡಬೇಕಿತ್ತು. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕುವ ಪ್ರಯೋಗ ಎಲ್ಲರಿಗೂ ಗೊತ್ತು. ಅದನ್ನು ಶಾಲೆಯ ಸುತ್ತಮುತ್ತಲಿನ ವಾಟರ್ ಸರ್ವಿಸ್ ಅಂಗಡಿಗಳ ಜೊತೆ ಹೊಂದಿಸಿ ಪಾಠಯೋಜನೆ ಬರೆದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದು ಮಕ್ಕಳಿಗೆ ನೆನಪಿತ್ತು. ತೊಳೆಯಲು ಎಷ್ಟು ನೀರು ಬೇಕು ಎಂಬ ಬಗ್ಗೆ ಅವರು ಚೆನ್ನಾಗಿಯೇ ಮಾತಾಡಿದರು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ಮಾತ್ರ ತರಗತಿ ಮೌನವಾಯಿತು. ಕಪ್ಪುಹಲಗೆಯ ಮೇಲೆ ದಾರಿ ಬರೆದೆವು: ಮೋರಿ, ರಾಜಕಾಲುವೆ, ವೃಷಭಾವತಿ, ಕೆಂಗೇರಿ, ಬಿಡದಿ ಬಳಿಯ ಬೈರಮಂಗಲ ಕೆರೆ, ಅರ್ಕಾವತಿ, ಕಾವೇರಿ. ಬೈರಮಂಗಲದ ಸುತ್ತಲಿನ ರೈತರು ಈ ನೀರಿನಲ್ಲೇ ಬೆಳೆ ತೆಗೆಯುತ್ತಾರೆ.

ಬ್ರೇಕ್ ಸವೆದ ಪುಡಿಯಲ್ಲಿ ತಾಮ್ರ, ಟೈರ್ ಪುಡಿಯಲ್ಲಿ ಸತು ಇರುತ್ತದೆ. ಸಾವಯವ ಕೊಳೆಯನ್ನು ಬ್ಯಾಕ್ಟೀರಿಯಾ ಒಡೆಯಬಲ್ಲವು. ಲೋಹ ಧಾತುವಾದ್ದರಿಂದ ಅದನ್ನು ಒಡೆಯಲಾರವು. ಈ ಒಂದು ಮಾತು ಮಕ್ಕಳಿಗೆ ಮನದಟ್ಟಾಗಬೇಕಿತ್ತು.

ಕತ್ತರಿಸಿದ ಎರಡು ಬಾಟಲಿಗಳಲ್ಲಿ ಒಂದಕ್ಕೆ ತೊಳೆದ ಮರಳು, ಇನ್ನೊಂದಕ್ಕೆ ಮಣ್ಣು ಮತ್ತು ಎಲೆಗೊಬ್ಬರ ತುಂಬಿದೆ. ಕೈಗವಸು ಹಾಕಿಕೊಂಡು ಎರಡಕ್ಕೂ ತಿಳಿನೀಲಿ ತಾಮ್ರದ ಸಲ್ಫೇಟ್ ದ್ರಾವಣವನ್ನು ನಿಧಾನವಾಗಿ ಸುರಿದೆ. ಮರಳಿನಿಂದ ತಿಳಿಯಾದ ನೀರು ಬಂತು, ಗೊಬ್ಬರದಿಂದ ಕಂದುನೀರು. ಯಾವುದು ಶುದ್ಧ ಎಂದರೆ ಬಹುತೇಕ ಕೈಗಳು ಮರಳಿನ ಕಡೆ ಎದ್ದವು. ಉಜ್ಜಿದ ಮೊಳೆಗಳನ್ನು ಎರಡರಲ್ಲೂ ಅರ್ಧ ಗಂಟೆ ಇಟ್ಟೆವು. ತಿಳಿನೀರಿನ ಮೊಳೆಗೆ ಕೆಂಗಂದು ತಾಮ್ರ ಅಂಟಿತ್ತು. ಕಂದುನೀರಿನ ಮೊಳೆ ಹಾಗೆಯೇ ಇತ್ತು.

ಆಗ ಹಿಂದಿನ ಬೆಂಚಿನಿಂದ ಒಬ್ಬ, ವಾಟರ್ ಸರ್ವಿಸ್ ಕೆಲಸಗಾರರ ಮಗನತ್ತ ತಿರುಗಿ, "ನಿಮ್ಮಪ್ಪನೇ ನೀರು ಕೆಡಿಸೋದು" ಎಂದ. ಹುಡುಗ ತಲೆ ತಗ್ಗಿಸಿದ. ನಾನು ಪಾಠ ನಿಲ್ಲಿಸಿ, "ಆ ಬ್ರೇಕ್ ಪುಡಿ ಯಾರ ಗಾಡಿಯದು?" ಎಂದು ಕೇಳಿದೆ. ಒಬ್ಬೊಬ್ಬರಾಗಿ ತಮ್ಮ ಮನೆಯ ಸ್ಕೂಟರ್, ಆಟೊ, ಕಾರಿನ ಹೆಸರು ಹೇಳಿದರು. ಕೊನೆಗೆ ಹುಡುಗನೇ ಎದ್ದು ನಿಂತ: "ಮಿಸ್, ತೊಟ್ಟಿ ತಳದ ಕೆಸರನ್ನ ಅಪ್ಪ ಕೈಯಲ್ಲೇ ತೆಗೀತಾರೆ. ತಾಮ್ರ ಅದರಲ್ಲೂ ಇರತ್ತಾ?"

ಇರುತ್ತದೆ ಎಂದೆ. ರಬ್ಬರ್ ಕೈಗವಸು ಬೇಕು, ಆ ಕೆಸರನ್ನು ಖಾಲಿ ಸೈಟಿಗೋ ಮೋರಿಗೋ ಸುರಿಯಬಾರದು ಎಂದೂ ಹೇಳಿದೆ.

ಸಸ್ಯಗಳಿಂದ ನೀರು ಸಂಸ್ಕರಿಸುವ ವಿಧಾನವನ್ನು ಅವನ ಪ್ರಶ್ನೆಯಿಂದಲೇ ವಿವರಿಸಿದೆ. ಮೊದಲು ಕೆಸರು ತಂಗಬೇಕು, ಎಣ್ಣೆ ಬೇರೆಯಾಗಬೇಕು. ಆಮೇಲೆ ಜೊಂಡು, ಲಾವಂಚ, ಕಾಬಾಳೆ ನೆಟ್ಟ ಜಲ್ಲಿಪಾತಿಯಲ್ಲಿ ನೀರು ನಿಧಾನವಾಗಿ ಹರಿಯಬೇಕು. ನಗರದ ಉತ್ತರದಲ್ಲಿರುವ ಜಕ್ಕೂರು ಕೆರೆಯಲ್ಲಿ, ಸಂಸ್ಕರಿಸಿದ ಕೊಳಚೆನೀರು ಹೀಗೆ ಜೌಗುಸಸ್ಯಗಳ ನಡುವೆ ಹಾದು ಕೆರೆ ಸೇರುತ್ತದೆ. ವಾಹನ ತೊಳೆದ ನೀರಾದರೆ ಲೋಹದ ಹೆಚ್ಚಿನ ಪಾಲು ಪಾತಿಯ ಕೆಸರಲ್ಲಿ, ಬೇರಿನ ಸುತ್ತ ಉಳಿಯುತ್ತದೆ. ಸ್ವಲ್ಪ ಗಿಡದೊಳಗೆ ಸೇರುತ್ತದೆ. ಹಾಗಾಗಿ ಕೊಯ್ದ ಗಿಡ ದನದ ಮೇವಾಗಬಾರದು, ತರಕಾರಿಗೆ ಗೊಬ್ಬರವಾಗಬಾರದು. ಗಿಡ ಲೋಹವನ್ನು ಇಲ್ಲವಾಗಿಸುವುದಿಲ್ಲ, ನಾವು ನಿಭಾಯಿಸಬಹುದಾದ ಒಂದು ಜಾಗದಲ್ಲಿ ಹಿಡಿದಿಡುತ್ತದೆ.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಸಲಹೆ. ಮೌಲ್ಯಮಾಪನದಲ್ಲಿ "ನೀರು ಶುದ್ಧವಾಯಿತೇ?" ಎಂದು ಕೇಳಿದರೆ ಹೌದು, ಇಲ್ಲ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. "ತಾಮ್ರ ಈಗ ಎಲ್ಲಿದೆ?" ಎಂದು ಕೇಳಿ. ನನ್ನ ತರಗತಿಯಲ್ಲಿ ಆ ಪ್ರಶ್ನೆಗೆ ಉತ್ತರಿಸಿದ ಮಕ್ಕಳು, ಬಾಟಲಿಯ ಗೊಬ್ಬರವನ್ನು ಶಾಲೆಯ ಕೈತೋಟಕ್ಕೆ ಹಾಕಲು ಬಿಡಲಿಲ್ಲ. ಡಬ್ಬಿಯಲ್ಲಿ ಮುಚ್ಚಿ, ಚೀಟಿ ಅಂಟಿಸಿ, ಪ್ರಯೋಗಾಲಯದ ಕಪಾಟಿನಲ್ಲಿಟ್ಟರು.